ಬರೋದು ಅನುಮಾನ

ನಮ್ಮ ಓಣಿಯಲ್ಲಿ ಮೊದಲ ಟಿ.ವಿ. ಬಂದದ್ದು ನಮ್ಮ ಮನೆಗೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಸಂಕೋಚಪಟ್ಟು ನನಗೇನಾಗಬೇಕಾಗಿದೆ? ನಮ್ಮವರು ಸಂಡೂರಿನ ಗಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಮತ್ತೆ ಹೊಸಪೇಟೆಯಲ್ಲಿ ಇಳಿಯುತ್ತಿದ್ದುದು ಶನಿವಾರ ಸಂಜೆ. ನಾನು ಕಂಪ್ಲಿಯವಳು. ಹೊಳೆದಂಡೆಯ ಊರು, ತುಂಬಿದ ಮನೆ, ಬೆಳಗಾದರೆ ಮಾತಿಗೆ ಕೂರುವ ಜನ. ಅಲ್ಲಿಂದ ಬಂದವಳು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ವಾರದ ಐದೂವರೆ ದಿನ ಗೋಡೆ ನೋಡಿಕೊಂಡು ಕೂರಬೇಕಿತ್ತು. ಮಕ್ಕಳಾಗಲಿಲ್ಲ. ಆ ವಿಷಯ ಅಷ್ಟೇ, ಅದನ್ನು ಇಲ್ಲಿ ಎಳೆಯುವುದಿಲ್ಲ.

ನೆವ ಸಿಕ್ಕರೆ ಸಾಕು, ಬಟ್ಟೆ ಚೀಲಕ್ಕೆ ತುರುಕಿಕೊಂಡು ಕಂಪ್ಲಿ ಬಸ್ಸು ಹತ್ತುತ್ತಿದ್ದೆ. ನಮ್ಮವರು ಬೈಯುವ ಪೈಕಿ ಅಲ್ಲ. ಒಂದು ಶನಿವಾರ ಜಟಕಾದಲ್ಲಿ ದೊಡ್ಡ ಪೆಟ್ಟಿಗೆಯೊಂದನ್ನು ತೊಡೆ ಮೇಲೆ ಹಿಡಿದುಕೊಂಡು ಬಂದು ಇಳಿದರು. "ತಗೋ, ಇನ್ನ ಮನ್ಯಾಗ ಮಾತಾಡೋರು ಅದಾರ" ಅಂದರು. ಇಡೀ ಸಂಸಾರದಲ್ಲಿ ಅವರು ನನಗೆ ಆಡಿದ ಪ್ರೀತಿಯ ಮಾತು ಅಂತ ಲೆಕ್ಕ ಹಾಕಿದರೆ ಅದೊಂದೇ ಸಿಗುತ್ತದೆ.

ಆಗಿನ ಟಿ.ವಿ. ಈಗಿನ ಹಾಗೆ ಗೋಡೆಗೆ ಅಂಟಿಸುವ ಹಲಗೆಯಲ್ಲ. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಪಕ್ಕದಲ್ಲಿ ಕರೆಂಟು ಏರಿಳಿದಾಗಲೆಲ್ಲ ಟಕ್ ಟಕ್ ಅನ್ನುವ ಸ್ಟೆಬಿಲೈಜರ್. ಮಾಳಿಗೆ ಮೇಲಿನ ಆಂಟೆನಾ ಗಾಳಿಗೆ ಚೂರು ತಿರುಗಿದರೂ ಚಿತ್ರದ ತುಂಬ ಜೋಳ ಕೇರಿದ ಹಾಗೆ ಕಾಳು. ಅದಿರು ಲಾರಿಗಳ ಕೆಂಪು ಧೂಳು ಎಷ್ಟು ಕಿಟಕಿ ಮುಚ್ಚಿದರೂ ಬಂದು ಗಾಜಿನ ಮೇಲೆ ಕೂರುತ್ತಿತ್ತು. ದಿನಾ ಸಂಜೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ, ಚಾಪೆ ಹಾಸಿ, ಅಕ್ಕಪಕ್ಕದವರು ಬರಲಿ ಅಂತ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದೆ.

ಬರುತ್ತಿದ್ದರು. ಸಿನಿಮಾ ಹಾಡಿನ ದಿನ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೆ ಹಾಡಿಗೆ ನಾನು ಬೇಕಾಗಿರಲಿಲ್ಲ, ಟಿ.ವಿ. ಸಾಕಿತ್ತು. ನಾನು ಬೇಕಾಗುತ್ತಿದ್ದುದು ವಾರ್ತೆಗೆ. ನಮ್ಮ ಆಂಟೆನಾಕ್ಕೆ ಸಿಗುತ್ತಿದ್ದುದು ದಿಲ್ಲಿ, ದಿಲ್ಲಿಯವರ ಬಾಯಲ್ಲಿ ಹಿಂದಿ, ಓಣಿಯಲ್ಲಿ ಹಿಂದಿ ಪರೀಕ್ಷೆ ಕಟ್ಟಿದವಳು ನಾನೊಬ್ಬಳೇ. ಕಂಪ್ಲಿಯಲ್ಲಿದ್ದಾಗ ಎರಡು ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಇಟ್ಟುಕೊಂಡಿದ್ದೆ. ಕನ್ನಡದಲ್ಲಿ ರೇಡಿಯೋ ವಾರ್ತೆ ಇತ್ತಲ್ಲ ಅಂದೀರಿ. ಇತ್ತು. ಆದರೆ ಟಿ.ವಿ.ಯಲ್ಲಿ ಕಣ್ಣಾರೆ ಕಂಡದ್ದಕ್ಕೆ ಇದ್ದ ಬೆಲೆ ಅದಕ್ಕಿರಲಿಲ್ಲ. ಹಾಗಾಗಿ ವಾರ್ತೆ ಶುರುವಾದರೆ ನಾನು ಟಿ.ವಿ. ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ವಾರ್ತೆ ಓದುವಾಕೆ ಒಂದು ಸಾಲು ಓದಿದರೆ ನಾನೊಂದು ಸಾಲು ಹೇಳುತ್ತಿದ್ದೆ. ಲೋಕದಲ್ಲಿ ಏನೇನು ನಡೆಯಿತೋ ಅದೆಲ್ಲ ನಮ್ಮ ಓಣಿಗೆ ನನ್ನ ಬಾಯಿಯ ಮೂಲಕವೇ ಬಂತು. ರಷ್ಯಾದಲ್ಲಿ ವಿಷದ ಗಾಳಿ ಎದ್ದದ್ದು, ಜರ್ಮನಿಯವರು ತಮ್ಮ ಗೋಡೆಯನ್ನು ತಾವೇ ಹತ್ತಿ ಒಡೆದದ್ದು, ಎಲ್ಲ.

ತಪ್ಪು ಹೇಳುತ್ತಿದ್ದೆನೇ? ಹೇಳುತ್ತಿದ್ದೆ. ಒಮ್ಮೆ ಅಮೆರಿಕದವರೂ ರಷ್ಯಾದವರೂ ಕೂತು ಮಾತಾಡುವುದನ್ನು ತೋರಿಸಿ "ಶಿಖರ್ ವಾರ್ತಾ" ಅಂದರು. ಶಿಖರ ಅಂದರೆ ಶಿಖರ, ವಾರ್ತಾ ಅಂದರೆ ವಾರ್ತೆ. "ಬೆಟ್ಟದ ಮ್ಯಾಲಿನ ಸುದ್ದಿ" ಅಂತ ಹೇಳಿಬಿಟ್ಟೆ. ಅವರಿಬ್ಬರೂ ಮೆತ್ತನೆ ಕುರ್ಚಿಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದರು. "ಬೆಟ್ಟ ಎಲ್ಲೈತ್ರಿ ಅಕ್ಕಾ?" ಅಂತ ಒಬ್ಬಾಕೆ ಕೇಳಿದಳು. "ಕ್ಯಾಮೆರಾದ ಹಿಂದೈತಿ, ಕಾಣಂಗಿಲ್ಲ" ಅಂದೆ. ಮಾತುಕತೆಗೆ ಆ ಭಾಷೆಯಲ್ಲಿ ವಾರ್ತಾ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಅವತ್ತು ಎಲ್ಲರೂ ನಂಬಿದರು. ನಾನೂ ನಂಬಿದ್ದೆ.

ಹಾಗೆ ಕೇಳಿದಾಕೆ ಎದುರುಮನೆಯಾಕೆ. ನನಗಿಂತ ಐದಾರು ವರ್ಷ ಚಿಕ್ಕವಳು, ಹೊಲಿಗೆ ಮಾಡುತ್ತಿದ್ದಳು. ಗಂಡ ಗಾದಿಗನೂರಿನವನು. ಗಣಿಯಲ್ಲಿ ಬುಲ್ಡೋಜರ್ ಓಡಿಸುತ್ತಿದ್ದವನು, ಅದೇ ಕೆಲಸಕ್ಕೆ ಕುವೈತಿಗೆ ಹೋಗಿದ್ದ. ಈಕೆ ವಾರ್ತೆಗೆ ಬರುತ್ತಿದ್ದುದು ಲೋಕದ ಸುದ್ದಿಗಲ್ಲ, ಓದುವಾಕೆಯ ರವಿಕೆ ನೋಡಲು. ಕುತ್ತಿಗೆ ಹೇಗೆ ಕೊಟ್ಟಿದ್ದಾರೆ, ತೋಳು ಎಷ್ಟು ಉದ್ದ, ಎಲ್ಲ ಕಣ್ಣಲ್ಲೇ ಅಳೆದುಕೊಂಡು ಹೋಗಿ ಮಾರನೇ ದಿನ ಯಾರಿಗಾದರೂ ಹೊಲಿದುಕೊಡುತ್ತಿದ್ದಳು. ಹಗಲೆಲ್ಲ ಆಕೆಯ ಮೆಷಿನ್ ಸದ್ದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಸದ್ದು ನಿಂತರೆ, ಈಗ ದಾರ ಬದಲಿಸುತ್ತಿದ್ದಾಳೆ, ಈಗ ನೀರು ಕುಡಿಯಲು ಎದ್ದಳು ಅಂದುಕೊಳ್ಳುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಉಣ್ಣುತ್ತಿದ್ದೆವು. ನನ್ನ ಜೀವನದಲ್ಲಿ ನನ್ನವಳು ಅಂತ ಇದ್ದ ಗೆಳತಿ ಆಕೆಯೊಬ್ಬಳೇ.

ಆದರೆ ಅದಕ್ಕೊಂದು ಅವಧಿ ಇತ್ತು. ಗಂಡ ಬಂದಕೂಡಲೇ ಮನೆ ಖಾಲಿ ಮಾಡಿ ಗಾದಿಗನೂರಿಗೆ ಹೋಗುವುದು, ಅಲ್ಲಿ ಹೊಲ ನೋಡಿಕೊಂಡು ಇರುವುದು ಅಂತ ಅವರಲ್ಲಿ ಮೊದಲೇ ಮಾತಾಗಿತ್ತು. "ಅವ್ರು ಬಂದ್ರ ನಾ ಹೊಂಟೆ ನೋಡ್ರಿ ಅಕ್ಕಾ" ಅಂತ ಆಕೆ ನಗುತ್ತ ಅನ್ನುತ್ತಿದ್ದಳು. "ಹೋಗು ಹೋಗು, ನನಗೂ ಒಂದು ತಲಿನೋವು ಕಡಿಮಿ ಆಕ್ಕೈತಿ" ಅನ್ನುತ್ತಿದ್ದೆ. ಅಂದು ಒಳಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಕುವೈತಿನ ಮೇಲೆ ಇರಾಕಿನವರು ನುಗ್ಗಿದ ಸುದ್ದಿಯನ್ನೂ ಓಣಿಗೆ ಹೇಳಿದವಳು ನಾನೇ. ಅವತ್ತಿನಿಂದ ಆಕೆ ರವಿಕೆ ನೋಡುವುದನ್ನು ಬಿಟ್ಟಳು. ಕಾಗದ ಬರುವುದು ನಿಂತಿತ್ತು. ಪೋಸ್ಟಿನವನು ಓಣಿಗೆ ತಿರುಗಿದರೆ ಬಾಗಿಲಿಗೆ ಬಂದು ನಿಂತು, ಅವನು ಮುಂದೆ ಹೋದ ಮೇಲೂ ನಿಂತೇ ಇರುತ್ತಿದ್ದಳು. ಆಮೇಲೆ ನಮ್ಮ ಜನರನ್ನು ಮರಳುಗಾಡು ದಾಟಿಸಿ, ಡೇರೆಗಳಲ್ಲಿ ಇರಿಸಿ, ವಿಮಾನದಲ್ಲಿ ತುಂಬಿ ಕರೆತರುವುದನ್ನು ತೋರಿಸಲು ಶುರುಮಾಡಿದರು. ಆಕೆ ಚಾಪೆ ಬಿಟ್ಟು ಮುಂದೆ ಸರಿದು ಸರಿದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ಕಪ್ಪು ಬಿಳುಪಿನಲ್ಲಿ, ಕಾಳಿನ ನಡುವೆ, ಗಂಟು ಹೊತ್ತ ಅಷ್ಟೊಂದು ಗಂಡಸರು. ಅವನ ಮುಖ ಹುಡುಕುತ್ತಿದ್ದಳು. "ಅವ್ರು ಕೆಂಪು ಅಂಗಿ ಹಾಕ್ಕೊಂಡಿದ್ರ ಹೆಂಗ ಗೊತ್ತಾಕ್ಕೈತ್ರಿ ಅಕ್ಕಾ ಇದ್ರಾಗ?" ಅಂದಳು ಒಂದು ಸಲ.

ಒಂದು ಮಂಗಳವಾರ ವಾರ್ತೆಯ ಹೊತ್ತಿಗೆ ನಾವಿಬ್ಬರೇ ಇದ್ದೆವು. ದಿನಾ ಅದೇ ಡೇರೆ, ಅದೇ ವಿಮಾನ ನೋಡಿ ಓಣಿಯವರಿಗೆ ಬೇಜಾರಾಗಿತ್ತು. ಓದುವಾಕೆ ಡೇರೆಗಳ ಚಿತ್ರದ ಮೇಲೆ ಏನೋ ಹೇಳುತ್ತ ಹೋದಳು. ಕೊನೆಗೆ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಇಷ್ಟು: "ಸ್ವದೇಶ್ ಲೌಟನೇ ಕಾ ಅನುಮಾನ್ ಹೈ."

ಸ್ವದೇಶ ಗೊತ್ತು. ಲೌಟನಾ ಅಂದರೆ ಮರಳಿ ಬರುವುದು, ಅದೂ ಗೊತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಅನುಮಾನವಂತೂ ನಮ್ಮದೇ ಮಾತು, ಅದಕ್ಕೆ ಪರೀಕ್ಷೆ ಯಾಕೆ ಬೇಕು?

"ಏನಂತಾರ್ರಿ ಅಕ್ಕಾ?" ಅಂತ ಕೇಳಿದಳು.

"ಅಯ್ಯೋ ತಂಗಿ, ಬರೋದು ಅನುಮಾನ ಅಂತ" ಅಂದೆ.

"ಖರೇನ?"

"ನನ್ನ ಕಿವಿ ನೆಟ್ಟಗದಾವು. ಅನುಮಾನ ಅಂತ ಸ್ಪಷ್ಟ ಅಂದಾಳ."

ಆಕೆ ಅಳಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು, ಎದ್ದು ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು. ಆ ರಾತ್ರಿ ಎದುರುಮನೆಯಲ್ಲಿ ದೀಪ ಆರಲಿಲ್ಲ. ನಾನೂ ಮಲಗಲಿಲ್ಲ. ಹೋಗಿ ಬಾಗಿಲು ಬಡಿಯಲೇ ಅಂತ ನಾಲ್ಕು ಸಲ ಎದ್ದೆ, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂದರೆ, ನನ್ನ ಎದೆಯೊಳಗೆ ದುಃಖದ ಜೊತೆ ಇನ್ನೊಂದೇನೋ ಕೂತಿತ್ತು. ಅದನ್ನು ಇಟ್ಟುಕೊಂಡು ಆಕೆಯನ್ನು ತಬ್ಬಿಕೊಂಡು ಸಮಾಧಾನ ಹೇಳಲು ನನಗೆ ಹೇಸಿಗೆಯಾಯಿತು.

ಬುಧವಾರ ನೀರು ಬಿಡುವ ದಿನ. ನಾನು ಮೂಲೆಯ ನಲ್ಲಿಯಲ್ಲಿ ಸಾಲು ನಿಂತು ನಾಲ್ಕು ಕೊಡ ಹೊತ್ತು ಮುಗಿಸುವ ಹೊತ್ತಿಗೆ ಆಕೆ ಬಂದಳು. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ಕಣ್ಣು ಊದಿತ್ತು, ಆದರೆ ಮುಖ ಶಾಂತವಾಗಿತ್ತು. "ಅಕ್ಕಾ, ನಿಮಗ ಮೆಷಿನ್ ಕಲಿಸ್ತೀನಿ ಬರ್ರಿ" ಅಂದಳು. ನಾನು ದಂಗಾಗಿ ಹೋದೆ. ಆಘಾತಕ್ಕೆ ಹೀಗಾಗುತ್ತದೆ ಅಂತ ಎಲ್ಲೋ ಕೇಳಿದ್ದೆ, ಈಕೆಗೆ ಮನಸ್ಸು ಕಲ್ಲಾಗಿದೆ ಅಂದುಕೊಂಡೆ. ಬಿಟ್ಟರೆ ಏನು ಮಾಡಿಕೊಳ್ಳುತ್ತಾಳೋ ಅಂತ ಅಂದಿನಿಂದ ಆಕೆಯ ಬೆನ್ನು ಬಿಡಲಿಲ್ಲ. ನಮ್ಮ ಮನೆಯಲ್ಲೇ ಊಟ, ನಮ್ಮ ಮನೆಯಲ್ಲೇ ನಿದ್ದೆ. ಆಕೆಯೂ ಒಲ್ಲೆ ಅನ್ನಲಿಲ್ಲ. ಶನಿವಾರ ಬಂದ ನಮ್ಮವರು ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡರು, ಪುಣ್ಯಾತ್ಮರು ಏನೂ ಕೇಳಲಿಲ್ಲ. ಇಬ್ಬರೂ ಎಂಟು ದಿನ ಹಗಲು ರಾತ್ರಿ ಮಾತಾಡಿದೆವು. ಆಕೆ ಹುಟ್ಟಿದ ಊರು, ನಾನು ಓದಿದ ಶಾಲೆ, ಯಾರಿಗೂ ಹೇಳದ ಮಾತು. ನನಗೆ ಪೆಡಲ್ ತುಳಿಯಲು ಕಲಿಸಿದಳು, ಸೂಜಿ ಎರಡು ಮುರಿದೆ, ನಕ್ಕಳು.

ನಿಜ ಹೇಳಿಬಿಡುತ್ತೇನೆ. ಆ ಎಂಟು ದಿನದಷ್ಟು ಸಂತೋಷವಾಗಿ ನಾನು ಮದುವೆಯಾದ ಮೇಲೆ ಎಂದೂ ಇರಲಿಲ್ಲ. ಒಬ್ಬಾಕೆಯ ಗಂಡ ಮರಳುಗಾಡಿನಲ್ಲಿ ಸತ್ತನೋ ಬದುಕಿದನೋ ಗೊತ್ತಿಲ್ಲ, ನಾನು ಬೆಳಿಗ್ಗೆ ಎದ್ದು ಇಬ್ಬರಿಗೂ ಉಪ್ಪಿಟ್ಟು ಮಾಡುತ್ತ ಹಾಡು ಗುನುಗುತ್ತಿದ್ದೆ. ಪಾಪಿ ಅಂದರೆ ನಾನೇ.

ಎಂಟನೇ ದಿನ ಆಕೆಯೇ "ಹಂಪಿಗೆ ಹೋಗೂಣು ನಡೀರಿ" ಅಂದಳು. ಹೊಸಪೇಟೆಯವರು ಹಂಪಿಗೆ ಹೋಗುವುದು ನೆಂಟರು ಬಂದಾಗ ಮಾತ್ರ. ಅವತ್ತು ನಾವೇ ನೆಂಟರ ಹಾಗೆ ಹೋದೆವು. ಬಜಾರಿನ ಕಲ್ಲು ಮಂಟಪಗಳಲ್ಲಿ ಆಗ ಅಂಗಡಿ, ಖಾನಾವಳಿ ಎಲ್ಲ ಇದ್ದವು. ಮಂಡಕ್ಕಿ ಮಿರ್ಚಿ ತಿಂದೆವು. ನನ್ನ ಕೈ ಹಿಡಿದು ಕೂರಿಸಿ ಹಸಿರು ಬಳೆ ಹಾಕಿಸಿದಳು. ಹೊಳೆಗೆ ಇಳಿದು ಕಾಲು ನೀರಲ್ಲಿ ಬಿಟ್ಟು ಕೂತೆವು. ಹೊತ್ತು ಇಳಿಯತೊಡಗಿದಾಗ ನಾನು, ಏಳು, ವಾರ್ತೆಯ ಹೊತ್ತಿಗೆ ಮನೆ ಸೇರಬೇಕು ಅಂದೆ. "ಇವತ್ತೊಂದಿನ ಸುದ್ದಿ ಬ್ಯಾಡ್ರಿ ಅಕ್ಕಾ, ಕುಂದ್ರಿ" ಅಂದಳು. ಕೂತೆ.

ಓಣಿಗೆ ತಿರುಗಿದರೆ ಆಕೆಯ ಮನೆಯ ಕಟ್ಟೆಯ ಮೇಲೆ ಗಡ್ಡ ಬಿಟ್ಟ ಗಂಡಸೊಬ್ಬ ಒಂದು ಚೀಲ ಇಟ್ಟುಕೊಂಡು ಕೂತಿದ್ದ. ಒಣಗಿ ಕಡ್ಡಿಯಾಗಿದ್ದ. ಮದುವೆಯ ಫೋಟೋದಲ್ಲಿ ನೋಡಿದ್ದೆನಾದ್ದರಿಂದ ಗುರುತು ಹತ್ತಿತು. ಆಕೆ ನನ್ನ ಕೈ ಬಿಟ್ಟು ಓಡಿದಳು. "ಬೀಗ ಹಾಕ್ಕೊಂಡು ಎಲ್ಲಿ ಹೋಗಿದ್ದೆ? ಮಧ್ಯಾಹ್ನದಿಂದ ಕುಂತೀನಿ" ಅಂದ ಆತ. ನಡುವೆ ಬಾಯಿ ಹಾಕದಿದ್ದರೆ ನಾನು ನಾನೇ ಅಲ್ಲವಲ್ಲ. "ನೀವು ಬರೋದು ಅನುಮಾನ ಅಂತ ಟಿ.ವಿ.ದಾಗ ಹೇಳಿದ್ರು, ಅದಕ್ಕ..." ಅಂದೆ. ಆತ ನನ್ನನ್ನೂ, ನನ್ನ ಕೈತುಂಬ ಇದ್ದ ಹೊಸ ಬಳೆಯನ್ನೂ ನೋಡಿದ. ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು.

ಮೂರನೇ ದಿನ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಗಾದಿಗನೂರಿಗೆ ಹೋದರು. ಮೆಷಿನ್ನನ್ನು ಕೊನೆಗೆ ಹತ್ತಿಸಿದರು. ಆಕೆ ಬಂದು ನನ್ನ ಕಾಲಿಗೆ ಬಿದ್ದಳು. ನಾನು ತಲೆ ಎತ್ತಿ ಆಕೆಯ ಮುಖ ನೋಡಲಿಲ್ಲ, "ಆತು, ಹೋಗಿ ಬಾ" ಅಂದೆ.

ಗಾದಿಗನೂರು ಎಷ್ಟು ದೂರ? ಬಸ್ಸು ಹತ್ತಿ ಕೂತರೆ ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ಬರುತ್ತದೆ. ನಾನು ಹೋಗಲಿಲ್ಲ. ಆಕೆ ಎರಡು ಸಲ ಯಾರ ಕೈಲೋ ಹೇಳಿ ಕಳಿಸಿದಳಂತೆ, ಆಗಲೂ ಹೋಗಲಿಲ್ಲ. ಎಂಟು ದಿನ ಆಕೆ ಗಂಡ ಇಲ್ಲವೆಂದುಕೊಂಡು ಬದುಕಿದಳು, ಅದನ್ನು ಹೇಳಿದವಳು ನಾನು ಅನ್ನುವ ಭಾರ ಕಾಲಿಗೆ ಕಟ್ಟಿತ್ತು. ಎದುರುಮನೆಗೆ ಬೇರೆಯವರು ಬಂದರು. ಓಣಿಯಲ್ಲಿ ಒಬ್ಬೊಬ್ಬರಾಗಿ ಟಿ.ವಿ. ತಂದರು, ಕನ್ನಡದ ವಾರ್ತೆಯೂ ಬಂತು, ಚಾಪೆ ಹಾಸುವುದನ್ನು ಬಿಟ್ಟೆ. ಟಿ.ವಿ. ಮಾತಾಡುತ್ತಲೇ ಇತ್ತು. ಅದಕ್ಕೆ ನನ್ನ ಉತ್ತರ ಬೇಕಾಗಿರಲಿಲ್ಲ. ನಮ್ಮವರು ನಿವೃತ್ತರಾಗಿ ಪೂರ್ತಿ ಮನೆಗೆ ಬಂದ ಮೇಲೆ ಗೊತ್ತಾದದ್ದು ಏನೆಂದರೆ, ವಾರಕ್ಕೆ ಒಂದೂವರೆ ದಿನಕ್ಕೆ ಆಗುವಷ್ಟೇ ಮಾತು ನಮ್ಮಿಬ್ಬರಲ್ಲಿ ಇತ್ತು.

ನನ್ನ ತಪ್ಪು ನನಗೆ ತಿಳಿದದ್ದು ಹವಾಮಾನದಿಂದ. ಎಷ್ಟೋ ವರ್ಷದ ಮೇಲೆ ಒಂದು ಬೇಸಿಗೆ, ಹಿಂದಿ ಚಾನೆಲ್ಲಿನಲ್ಲಿ ನಮ್ಮ ಕಡೆಯ ನಕ್ಷೆ ತೋರಿಸಿ "ಭಾರೀ ವರ್ಷಾ ಕಾ ಅನುಮಾನ್" ಅಂದರು. ಅನುಮಾನ ಅಂದಾರ, ಮಳಿ ಬರಂಗಿಲ್ಲ ಬಿಡು ಅಂತ ನಾನು ಮಾಳಿಗೆ ತುಂಬ ಸಂಡಿಗೆ ಇಟ್ಟೆ. ಮಧ್ಯಾಹ್ನ ಹೊಯ್ದ ಮಳೆಗೆ ಸಂಡಿಗೆಯೆಲ್ಲ ಗಂಜಿಯಾಗಿ ಮಾಳಿಗೆ ನೀರು ಬೀಳುವ ಹರನಾಳಿಗೆಯಲ್ಲಿ ಹರಿಯಿತು. ಸಿಟ್ಟು ನೆತ್ತಿಗೇರಿ ಟ್ರಂಕು ತೆಗೆದು ಹಳೇ ಹಿಂದಿ ಪುಸ್ತಕ ಹುಡುಕಿದೆ. ಹಿಂದಿನ ಪುಟಗಳ ಶಬ್ದಾರ್ಥದಲ್ಲಿ ಇತ್ತು. ಅನುಮಾನ್: ಅಂದಾಜು, ನಿರೀಕ್ಷೆ. ಪಕ್ಕದಲ್ಲಿ ನನ್ನದೇ ಕೈಯ ಪೆನ್ಸಿಲ್ ಗೀಟು ಇತ್ತು.

ಅಂದರೆ ಅವತ್ತು ದಿಲ್ಲಿಯಾಕೆ ಹೇಳಿದ್ದು ಅವರು ಬರುತ್ತಾರೆ ಅಂತ. ಸೋರುವ ಮಾಳಿಗೆಯ ಕೆಳಗೆ ಆ ಪುಸ್ತಕ ಹಿಡಿದುಕೊಂಡು ಕೂತೆ. ಓದಿದ್ದೆ, ಗೀಟೂ ಹಾಕಿದ್ದೆ. ಆ ಸಂಜೆ ಮಾತ್ರ ಅದು ತಲೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿಕೊಳ್ಳಲು ಹೆದರಿ, ಪದ ತಪ್ಪಾಯಿತು, ಪದ ತಪ್ಪಾಯಿತು ಅಂತಲೇ ಮನಸ್ಸಿಗೆ ಹೇಳಿಕೊಂಡೆ. ಆಕೆ ಎಂದಾದರೂ ಸಿಕ್ಕರೆ ಅದನ್ನೇ ಹೇಳಿ ಕ್ಷಮೆ ಕೇಳುವುದು ಅಂತ ಮಾತುಗಳನ್ನು ಜೋಡಿಸಿ ಇಟ್ಟುಕೊಂಡೆ.

ಹೋದ ವರ್ಷ ಸಿಕ್ಕಳು. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಹನಿ ಹಾಕಿ, ಕಣ್ಣು ಮುಚ್ಚಿಕೊಂಡು ಕೂತಿರಿ, ಕರೆಯುತ್ತೇವೆ ಅಂದಿದ್ದರು. ಬೆಂಚಿನ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದೆವು. ಹನಿ ಹಾಕುವ ಹುಡುಗಿಯನ್ನು ಎಷ್ಟೊತ್ತಾಗುತ್ತದಮ್ಮ ಅಂತ ನಾನು ಗದರಿಸಿ ಕೇಳಿದೆ. ಪಕ್ಕದಲ್ಲಿ ಕೂತವರು "ಅಕ್ಕಾ?" ಅಂದರು. ಆ ಒಂದು ಮಾತಿಗೇ ಯಾರೆಂದು ಗೊತ್ತಾಯಿತು. ಕಣ್ಣು ತೆರೆದರೆ ಬರೀ ಮಂಜು. ಆಕೆಗೂ ಅಷ್ಟೇ. ಕೈ ತಡವಿ ಹಿಡಿದುಕೊಂಡಳು.

ಗಂಡ ಚೆನ್ನಾಗಿದ್ದಾನೆ, ಮೊಮ್ಮಕ್ಕಳಿದ್ದಾರೆ ಅಂದಳು. ನಾನು ಜೋಡಿಸಿಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಹಿಂದಿಯಲ್ಲಿ ಅನುಮಾನ ಅಂದರೆ ಬೇರೆ, ನಾನು ತಪ್ಪು ಹೇಳಿದೆ, ಎಂಟು ದಿನ ನಿನ್ನ ಹೊಟ್ಟೆ ಉರಿಸಿದೆ, ಕ್ಷಮಿಸು ಅಂದೆ.

"ಎಂಟು ದಿನ ಎಲ್ಲಿ ಬಂತ್ರಿ ಅಕ್ಕಾ? ಒಂದ ರಾತ್ರಿ" ಅಂದಳು. "ಮರುದಿನ ನೀವು ನೀರಿಗೆ ಹೋಗಿದ್ರಲ್ಲ, ಆವಾಗ ಮರಿಯಮ್ಮನಹಳ್ಳಿಯಾತ ಒಬ್ಬ ಬಂದಿದ್ದ. ಇವ್ರ ಜೊತಿ ಡೇರೆದಾಗ ಇದ್ದಾತ, ಮೊದಲ ವಿಮಾನಕ್ಕ ಬಂದಿದ್ದ. ಇವ್ರು ಬರದು ಕಳಿಸಿದ ಚೀಟಿ ಕೊಟ್ಟ. ಆರಾಮದೀನಿ, ಎಂಟು ಹತ್ತು ದಿನಕ್ಕ ಬರ್ತೀನಿ, ಮನಿ ಖಾಲಿ ಮಾಡಾಕ ತಯಾರಾಗು ಅಂತ ಬರದಿದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

ಆಕೆ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.

"ಬರೋದು ಅನುಮಾನ ಅಂದ್ರಲ್ಲ, ಆವಾಗ ನಿಮ್ಮ ಮಕ ನೋಡಿದ್ದೆ ನಾನು. ಬಾಯಿ ಅಯ್ಯೋ ಅಂತಿತ್ತು, ಮಕ ಅರಳಿತ್ತು. ರಾತ್ರಿಯೆಲ್ಲ ಸಿಟ್ಟು ಬಂತು ನಿಮ್ಮ ಮ್ಯಾಲೆ. ಸುಳ್ಳು ಯಾಕ ಹೇಳ್ಲಿ, ಶಾಪ ಹಾಕಿದೆ. ಮುಂಜಾನೆ ಚೀಟಿ ಬಂತು. ಓದಿದ ಮ್ಯಾಲೆ ಸಿಟ್ಟು ಹೋತು. ನಂಗ ಗಂಡ ಬಂದ, ನಾ ಹೋದ್ರ ಈಕಿಗೆ ಯಾರದಾರ ಅನಿಸ್ತು. ಹೇಳಿದ್ರ ಅವತ್ತಿಂದಾನ ನೀವು ಅಳಾಕ ಶುರು ಮಾಡ್ತಿದ್ರಿ. ಇರೋ ಎಂಟು ದಿನ ನಕ್ಕೋತ ಇರ್ಲಿ ಅಂತ ಬಿಟ್ಟೆ."

ಒಳಗಿಂದ ಆಕೆಯ ಹೆಸರು ಕರೆದರು. ಮೆಲ್ಲಗೆ ಕೈ ಬಿಡಿಸಿಕೊಂಡು, ಗೋಡೆ ಹಿಡಿದುಕೊಂಡು ಹೋದಳು. ನಾನು ತಂದಿದ್ದ ಕ್ಷಮೆಯೆಲ್ಲ ಒಂದು ಹಿಂದಿ ಪದಕ್ಕೆ ಸಂಬಂಧಪಟ್ಟದ್ದಾಗಿತ್ತು. ಅರಳಿದ ಮುಖಕ್ಕೆ ಕ್ಷಮೆ ಕೇಳಲು ಮಾತು ಜೋಡಿಸಿಕೊಂಡಿರಲಿಲ್ಲ. ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು, ಆಕೆ ಹೊರಗೆ ಬಂದಾಗ ಏನು ಹೇಳಲಿ ಅಂತ ಯೋಚಿಸುತ್ತ ಕೂತೆ. ಆಕೆ ಬರುವ ಮುಂಚೆಯೇ ನನ್ನ ಹೆಸರನ್ನೂ ಕರೆದರು.